ದುಡ್ಡು ನನ್ನದಾದರೆ ಹೆಸರೂ ನನ್ನದೇ ಇರಲಿ

ಕಳೆದ ವರ್ಷ ನನ್ನ ಹನ್ನೊಂದು ಕಥೆಗಳನ್ನು ಒಬ್ಬ ಪ್ರಕಾಶಕರಿಗೆ ಮೇಲ್ ಮಾಡಿದೆ. ನಾಲ್ಕನೆಯ ದಿನವೇ ಫೋನ್ ಬಂತು. “ಕಥೆಗಳು ಚೆನ್ನಾಗಿವೆ ಕಣಮ್ಮ, ಎಲ್ಲಾ ಹಾಕೋಣ. ಮುನ್ನೂರು ಪ್ರತಿ, ನಲವತ್ತು ಸಾವಿರ ಆಗುತ್ತೆ. ನೂರು ಪ್ರತಿ ನಿಮಗೇ ಕೊಡ್ತೀವಿ.” ಅರ್ಧ ದಿನ ಖುಷಿಯಲ್ಲಿ ತೇಲಾಡಿದೆ. ಸಂಜೆ, ಕಳಿಸಿದ ಫೈಲನ್ನು ಇನ್ನೊಮ್ಮೆ ತೆರೆದಾಗ ಎದೆ ಧಸಕ್ಕೆಂದಿತು. ಗಡಿಬಿಡಿಯಲ್ಲಿ ಹಳೆಯ ಕರಡು ಕಳಿಸಿಬಿಟ್ಟಿದ್ದೆ. ಕೊನೆಯ ಕಥೆ ಅರ್ಧಕ್ಕೇ ನಿಂತಿತ್ತು. ಅದರ ಕೆಳಗೆ ನಾನೇ ಬರೆದುಕೊಂಡ ಸಾಲು: ‘ಇಲ್ಲಿಂದ ಮುಂದೆ ಬರೆಯಬೇಕು.’

‘ಎಲ್ಲಾ ಚೆನ್ನಾಗಿವೆ’ ಎಂದವರು ಅಲ್ಲಿಯವರೆಗೆ ಓದಿರಲೇ ಇಲ್ಲ.

ಹೊಸದಾಗಿ ಬರೆಯುವವರು ಎದುರಾದಾಗಲೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ: ಪುಸ್ತಕವನ್ನು ನಾವೇ ತರಬೇಕೋ, ಪ್ರಕಾಶಕರಿಗೆ ಕೊಡಬೇಕೋ? ಈ ಪ್ರಶ್ನೆಯೇ ದಾರಿ ತಪ್ಪಿಸುತ್ತದೆ ಎಂಬುದು ನನ್ನ ವಾದ. ನಮ್ಮಲ್ಲಿ ಅನೇಕರ ಮೊದಲ ಪುಸ್ತಕ ಈ ಎರಡೂ ಅಲ್ಲದ ಮೂರನೆಯ ದಾರಿಯಲ್ಲಿ ಬರುತ್ತಿದೆ. ಖರ್ಚು ಲೇಖಕರದು, ಹೆಸರು ಪ್ರಕಾಶನದ್ದು. ನಾವು ಕೊಡುವ ದುಡ್ಡು ಕಾಗದಕ್ಕೆ, ಮುದ್ರಣಕ್ಕೆ ಮಾತ್ರವಲ್ಲ, ಬೆನ್ನುಪುಟದ ಲಾಂಛನಕ್ಕೆ ತೆರುವ ಬಾಡಿಗೆ ಕೂಡ. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಬಿಡುಗಡೆ ಸಮಾರಂಭದಲ್ಲಿ ‘ಪ್ರಕಾಶಕರು ಹೊಸಬರನ್ನು ಗುರುತಿಸಿದ್ದಾರೆ’ ಎಂದು ಭಾಷಣವಾಗುತ್ತದೆ. ವೇದಿಕೆಯ ಮೇಲಿರುವ ಲೇಖಕರು ತಲೆ ತಗ್ಗಿಸಿ ಮುಗುಳ್ನಗುತ್ತಾರೆ.

ತಾನೇ ಪ್ರಕಟಿಸಿಕೊಳ್ಳುವುದು ಕನ್ನಡದಲ್ಲಿ ಎಂದೂ ಅವಮಾನವಾಗಿರಲಿಲ್ಲ. ಗಳಗನಾಥರು ತಮ್ಮ ಪುಸ್ತಕಗಳನ್ನು ಹೊತ್ತು ಊರೂರು ತಿರುಗಿ ಮಾರಿದ ಕಥೆ ನಮಗೆಲ್ಲ ಗೊತ್ತು. ಜಿ.ಪಿ. ರಾಜರತ್ನಂ ತಮ್ಮ ಪುಸ್ತಕಗಳನ್ನು ತಾವೇ ಪ್ರಕಟಿಸಿ, ತಾವೇ ಹೊತ್ತು ಮಾರಿದರು. ಶಿವರಾಮ ಕಾರಂತರಿಗೆ ಪುತ್ತೂರಿನಲ್ಲಿ ಹರ್ಷ ಪ್ರಕಟಣಾಲಯವಿತ್ತು. ಕುವೆಂಪು ಪುಸ್ತಕಗಳು ಅವರ ಮನೆಯ ಹೆಸರನ್ನೇ ಹೊತ್ತ ಉದಯರವಿ ಪ್ರಕಾಶನದಿಂದ ಬಂದವು. ಇವರನ್ನೆಲ್ಲ ‘ಯಾರೂ ಪ್ರಕಟಿಸದ್ದಕ್ಕೆ ತಾವೇ ಪ್ರಕಟಿಸಿಕೊಂಡವರು’ ಎಂದು ಹೀಗಳೆಯುವ ಧೈರ್ಯ ಯಾರಿಗಿದೆ?

ಹಾಗೆಂದು ಪ್ರಕಾಶಕರೇ ಬೇಡವೆಂದೂ ಅಲ್ಲ. 1933ರಲ್ಲಿ ಜಿ.ಬಿ. ಜೋಶಿಯವರು ಧಾರವಾಡದಲ್ಲಿ ಮನೋಹರ ಗ್ರಂಥಮಾಲೆ ಆರಂಭಿಸಿದರು. ಅದು ಚಂದಾದಾರರ ಬಲದ ಮೇಲೆ ನಿಂತ ಮಾಲೆ. ಅಂದರೆ ಬಂಡವಾಳ ಓದುಗರದು, ಲೇಖಕರದಲ್ಲ. ಅದಕ್ಕೆ ಕೀರ್ತಿನಾಥ ಕುರ್ತಕೋಟಿಯವರಂಥ ಸಾಹಿತ್ಯ ಸಲಹೆಗಾರರಿದ್ದರು. ಇಪ್ಪತ್ಮೂರರ ಆಸುಪಾಸಿನ ಗಿರೀಶ ಕಾರ್ನಾಡರ ‘ಯಯಾತಿ’ 1961ರಲ್ಲಿ ಪ್ರಕಟವಾದದ್ದು ಅಲ್ಲಿಂದಲೇ. ಪ್ರಕಾಶಕ ಎಂಬ ಪದಕ್ಕೆ ಬೆಲೆ ಬಂದದ್ದು ಇಂಥ ಕೆಲಸದಿಂದ: ಹಸ್ತಪ್ರತಿ ಓದುವುದು, ತಿದ್ದಲು ಹೇಳುವುದು, ಬೇಡವಾದರೆ ಬೇಡ ಎನ್ನುವುದು, ಬೇಕಾದರೆ ತನ್ನ ಹಣ ಹಾಕುವುದು.

ಈ ಎರಡರ ನಡುವಿನ ಗೋಡೆ ಅಷ್ಟೇನೂ ಗಟ್ಟಿಯಲ್ಲ. ವಸುಧೇಂದ್ರ ತಮ್ಮದೇ ಪುಸ್ತಕಗಳನ್ನು ತಂದ ಛಂದ ಪುಸ್ತಕ, ಮುಂದೆ ಹೊಸ ಕಥೆಗಾರರಿಂದ ಹಸ್ತಪ್ರತಿಗಳನ್ನು ಆಹ್ವಾನಿಸಿ, ಆಯ್ಕೆಯಾದದ್ದಕ್ಕೆ ಬಹುಮಾನ ಕೊಟ್ಟು ಪ್ರಕಟಿಸುವ ಸಂಸ್ಥೆಯಾಗಿ ಬೆಳೆಯಿತು. ಹಾಗಾಗಿ ಕೇಳಬೇಕಾದದ್ದು ‘ಯಾರು ಪ್ರಕಟಿಸಿದರು?’ ಎಂದಲ್ಲ. ಅಚ್ಚಿಗೆ ಹೋಗುವ ಮೊದಲು ಯಾರು ಓದಿದರು, ನಷ್ಟವಾದರೆ ಯಾರ ಜೇಬಿಗೆ? ಈ ಎರಡು ಪ್ರಶ್ನೆಗಳು ಸಾಕು.

ನನಗೆ ಬಂದ ಪ್ರಸ್ತಾಪವನ್ನೇ ಲೆಕ್ಕ ಹಾಕಿ. ಪುಸ್ತಕದ ಬೆಲೆ 150 ರೂಪಾಯಿ. ನನ್ನ ಪಾಲಿನ ನೂರು ಪ್ರತಿಯನ್ನೂ ನಾನೇ, ರಿಯಾಯಿತಿ ಇಲ್ಲದೆ ಮಾರಿದರೂ ಸಿಗುವುದು 15,000. ಉಳಿದ 25,000 ಹೋದದ್ದೇ. ಇನ್ನುಳಿದ ಇನ್ನೂರು ಪ್ರತಿ ಮಾರಾಟವಾದರೆ ಆ ಹಣ ಪ್ರಕಾಶಕರದು. ಆಗದಿದ್ದರೂ ಅವರಿಗೆ ನಷ್ಟವಿಲ್ಲ, ಏಕೆಂದರೆ ಮುದ್ರಣದ ಖರ್ಚು ಆಗಲೇ ನನ್ನಿಂದ ಬಂದಿದೆ. ಪುಸ್ತಕ ಮಾರದಿದ್ದರೂ ನಷ್ಟವಾಗದವರು ಅದನ್ನು ಮಾರಲು ಯಾಕೆ ಓಡಾಡುತ್ತಾರೆ?

ಪ್ರಕಾಶಕರ ಕಷ್ಟವೂ ನಿಜವೇ. ಕಾಗದದ ಬೆಲೆ ಏರಿದೆ, ಪುಸ್ತಕದಂಗಡಿಗಳು ಕಡಿಮೆಯಾಗಿವೆ, ಗ್ರಂಥಾಲಯ ಇಲಾಖೆಯ ಸಗಟು ಖರೀದಿ ನೆಚ್ಚಿಕೊಂಡವರು ಬಿಲ್ಲಿಗಾಗಿ ಕಾದು ಸುಸ್ತಾಗಿದ್ದಾರೆ. “ಹೊಸಬರ ಪುಸ್ತಕಕ್ಕೆ ನಾವು ಎಲ್ಲಿಂದ ಹಾಕೋಣ?” ಎಂದರೆ ಅದು ನ್ಯಾಯವಾದ ಮಾತೇ. ಆದರೆ ಅದನ್ನು ಮುಚ್ಚುಮರೆಯಿಲ್ಲದೆ ಹೇಳಲಿ. ಖರ್ಚು ಹಂಚಿಕೊಳ್ಳುವುದಾದರೆ ಆದಾಯವನ್ನೂ ಹಂಚಿಕೊಳ್ಳಲಿ, ಅದನ್ನು ಕರಾರಿನಲ್ಲಿ ಬರೆಯಲಿ. ‘ಲೇಖಕರ ವೆಚ್ಚದಲ್ಲಿ’ ಎಂದು ಪುಸ್ತಕದ ಒಳಪುಟದಲ್ಲೂ ಅಚ್ಚಾಗಲಿ. ಅಷ್ಟು ಅಚ್ಚು ಹಾಕಿಸಲು ಸಂಕೋಚ ಯಾರಿಗೆ ಎಂದು ಯೋಚಿಸಿದರೆ ಈ ವ್ಯವಹಾರ ನಡೆಯುತ್ತಿರುವುದು ಏತರ ಮೇಲೆ ಎಂಬುದು ತಿಳಿಯುತ್ತದೆ.

ಕರಾರು ಅಂದೆ. ನಮ್ಮ ಮೊದಲ ಪುಸ್ತಕಗಳು ಹೆಚ್ಚಾಗಿ ಬಾಯಿಮಾತಿನಲ್ಲೇ ಮುಗಿದುಹೋಗುತ್ತವೆ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮನ್ನು ಹೊಸ ಲೇಖಕರು ಒಮ್ಮೆ ಓದಬೇಕು. ಹಕ್ಕಿನ ವರ್ಗಾವಣೆ ಬರಹದಲ್ಲೇ ಇರಬೇಕು, ಸಹಿ ಇರಬೇಕು. ಅವಧಿ ನಮೂದಿಸದಿದ್ದರೆ ಅದು ಐದು ವರ್ಷ ಎಂದೇ ಅರ್ಥ. ‘ಎಲ್ಲ ಹಕ್ಕುಗಳೂ ಶಾಶ್ವತವಾಗಿ ಪ್ರಕಾಶಕರದು’ ಎಂಬ ಒಂದು ಸಾಲಿಗೆ ಸಹಿ ಹಾಕುವ ಮುನ್ನ ಇದು ಗೊತ್ತಿರಲಿ.

ನನ್ನಂಥ ಸಂಶೋಧನಾರ್ಥಿಗಳಿಗೆ ಇನ್ನೊಂದು ಬಲೆ ಇದೆ: ಐಎಸ್‌ಬಿಎನ್. ಪ್ರಬಂಧವನ್ನು ಪುಸ್ತಕ ಮಾಡಿದರೆ ಸಂದರ್ಶನದಲ್ಲಿ ಅನುಕೂಲವಾದೀತೆಂದು, ಆ ಸಂಖ್ಯೆಗಾಗಿಯೇ ಫೆಲೋಶಿಪ್ ಹಣ ಸುರಿಯುವವರನ್ನು ನೋಡಿದ್ದೇನೆ. ಭಾರತದಲ್ಲಿ ಐಎಸ್‌ಬಿಎನ್ ಉಚಿತ. ರಾಜಾ ರಾಮಮೋಹನ್ ರಾಯ್ ಹೆಸರಿನ ರಾಷ್ಟ್ರೀಯ ಏಜೆನ್ಸಿಗೆ ಲೇಖಕರೇ ಅರ್ಜಿ ಹಾಕಬಹುದು. ಚೊಚ್ಚಲ ಕೃತಿ ತರುವ ಯುವ ಬರಹಗಾರರಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನದ ಯೋಜನೆಯೂ ಇದೆ. ಉಚಿತವಾಗಿ ಸಿಗುವ ಸಂಖ್ಯೆಯನ್ನು ದುಡ್ಡು ಕೊಟ್ಟು ಕೊಳ್ಳುವುದೇಕೆ?

ಸ್ವಂತ ಪ್ರಕಟಣೆಯ ದೊಡ್ಡ ಅಪಾಯವನ್ನೂ ಹೇಳಿಬಿಡುತ್ತೇನೆ. ಅಲ್ಲಿ ‘ಬೇಡ’ ಎನ್ನುವವರು ಯಾರೂ ಇರುವುದಿಲ್ಲ. ಬರೆದದ್ದೆಲ್ಲ ಚಿನ್ನ ಎಂದು ಕಾಣುವ ವಯಸ್ಸಿನಲ್ಲಿ ಇದು ಸಣ್ಣ ಅಪಾಯವಲ್ಲ. ಅದಕ್ಕೆ ಮದ್ದೆಂದರೆ, ಲಾಂಛನಕ್ಕೆ ಕೊಡುವ ಹಣದಲ್ಲಿ ಒಂದು ಪಾಲನ್ನು ಒಳ್ಳೆಯ ಸಂಪಾದಕರಿಗೆ, ಕರಡು ತಿದ್ದುವವರಿಗೆ ಕೊಡುವುದು. ಮುಲಾಜಿಲ್ಲದೆ ಮಾತಾಡುವ ಮೂವರಿಗೆ ಓದಲು ಕೊಟ್ಟು ಆರು ತಿಂಗಳು ಕಾಯುವುದು. ಪ್ರಿಂಟ್ ಆನ್ ಡಿಮಾಂಡ್ ಇರುವ ಈ ಕಾಲದಲ್ಲಿ ಮುನ್ನೂರು ಪ್ರತಿಗಳನ್ನು ಮಂಚದ ಕೆಳಗೆ ಪೇರಿಸಿಡಬೇಕಾಗಿಯೂ ಇಲ್ಲ.

ಆ ಪ್ರಕಾಶಕರಿಗೆ ಮರುದಿನ ನಾನೇ ಫೋನ್ ಮಾಡಿದೆ. “ಸರ್, ಕೊನೇ ಕಥೆ ಹೇಗನ್ನಿಸ್ತು?” ಎಂದು ಕೇಳಿದೆ. “ಅದೇ ಎಲ್ಲಕ್ಕಿಂತ ಚೆನ್ನಾಗಿದೆ ಕಣಮ್ಮ, ಮುಗಿಸಿರೋ ರೀತಿ!” ಎಂದರು.

ಹಸ್ತಪ್ರತಿ ವಾಪಸ್ ತೆಗೆದುಕೊಂಡೆ. ಕಥೆಯನ್ನು ಮುಗಿಸಿದ್ದೇನೆ, ಮೂವರು ಓದುತ್ತಿದ್ದಾರೆ. ಒಬ್ಬರು ಆಗಲೇ ಎರಡು ಕಥೆ ಬೇಡ ಎಂದಿದ್ದಾರೆ. ಪುಸ್ತಕ ಯಾವ ಪ್ರಕಾಶನದಿಂದ ಬರುತ್ತದೋ ಇನ್ನೂ ತೀರ್ಮಾನವಾಗಿಲ್ಲ. ಹಣ ಹಾಕುವುದು ನಾನೇ ಆದರೆ, ಪ್ರಕಾಶಕರ ಹೆಸರಿನ ಜಾಗದಲ್ಲಿ ನನ್ನ ಹೆಸರೇ ಇರುತ್ತದೆ.