ಓಟದ ಹಾದಿಗೆ ಜಾಮೀನು ಯಾರು?

ಕಳೆದ ವಾರ ಪದವಿ ತರಗತಿಯಲ್ಲಿ ಇಟಗಿಯ ಮಹಾದೇವ ದೇವಾಲಯದ ವಿಷಯವನ್ನು ಹೇಳುತ್ತಿದ್ದೆ. ಕ್ರಿ.ಶ. 1112ರಲ್ಲಿ ಆರನೆಯ ವಿಕ್ರಮಾದಿತ್ಯನ ದಂಡನಾಯಕನಾದ ಮಹಾದೇವನು ಕಟ್ಟಿಸಿದ, ಶಾಸನದಲ್ಲಿ ‘ದೇವಾಲಯ ಚಕ್ರವರ್ತಿ’ ಎಂದು ಕೊಂಡಾಡಲ್ಪಟ್ಟ ಆ ಗುಡಿ ನಮ್ಮೂರಿಗೆ ದೂರವೇನೂ ಅಲ್ಲ. ಮೊದಲು ಯಲಬುರ್ಗಾ ತಾಲೂಕಿಗೆ ಸೇರಿತ್ತು, ಈಗ ಕುಕನೂರಿಗೆ ಸೇರಿದೆ. ಪಾಠ ಮುಗಿಯುವ ಹೊತ್ತಿಗೆ ಕುಷ್ಟಗಿ ಕಡೆಯ ಹುಡುಗನೊಬ್ಬ ಎದ್ದುನಿಂತು, ಗುಡಿಗೂ ಶಾಸನಕ್ಕೂ ಯಾವ ಸಂಬಂಧವೂ ಇಲ್ಲದ ಪ್ರಶ್ನೆಯೊಂದನ್ನು ಕೇಳಿದ: “ಸರ್, ನಮ್ಮ ಕಡೆ ಇಷ್ಟೊಂದು ಬಯಲು ಬಿದ್ದೈತಿ. ಇಲ್ಲೊಂದು ಮೋಟಾರ್ ರೇಸಿನ ಟ್ರ್ಯಾಕ್ ಯಾಕ ಕಟ್ಟಬಾರದ್ರಿ?”

ತರಗತಿ ನಕ್ಕಿತು. ನಾನೂ ನಕ್ಕುಬಿಟ್ಟೆ. ಮನೆಗೆ ಬಂದ ಮೇಲೆ ಆ ನಗೆಯ ಬಗ್ಗೆ ಸ್ವಲ್ಪ ನಾಚಿಕೆಯಾಯಿತು. ಹುಡುಗನ ಪ್ರಶ್ನೆಯಲ್ಲಿ ಮೂರ್ಖತನವೇನಿತ್ತು? ಕುಷ್ಟಗಿಯನ್ನು ಹಾದುಹೋಗುವ ಹೆದ್ದಾರಿಯಲ್ಲಿ ಸಂಜೆಯ ಹೊತ್ತು ಮೋಟಾರು ಸೈಕಲ್ಲುಗಳನ್ನು ಪಂದ್ಯಕ್ಕೆ ಬಿಡುವ ತರುಣರನ್ನು ನಾನೂ ಕಂಡಿದ್ದೇನೆ. ಲಾರಿಗಳ ನಡುವೆ ಜೀವವನ್ನು ಪಣವಾಗಿಟ್ಟು ಓಡುವುದಕ್ಕಿಂತ ಬೇಲಿ ಹಾಕಿದ ಹಾದಿಯಲ್ಲಿ, ತಲೆಗೆ ಟೋಪಿ ತೊಟ್ಟು ಓಡುವುದು ಮೇಲೆಂದು ಯಾರೂ ಒಪ್ಪಬೇಕು. ವೇಗದ ಮೋಹವನ್ನು ಬೈದು ಕಳೆದವರನ್ನು ನಾನು ಕಂಡಿಲ್ಲ. ಆದುದರಿಂದ ಆ ಹುಡುಗನಿಗೆ ನಾನು ತರಗತಿಯಲ್ಲಿ ಕೊಡದೇ ಹೋದ ಉತ್ತರವನ್ನು ಇಲ್ಲಿ ಕೊಡಲು ಯತ್ನಿಸುತ್ತೇನೆ. ನನ್ನ ಬಳಿ ಇರುವುದು ಹಳೆಯ ಸ್ಕೂಟರೊಂದೇ ಎಂಬುದನ್ನು ವಾಚಕರು ಮೊದಲೇ ತಿಳಿದಿದ್ದರೆ ಒಳ್ಳೆಯದು.

ಇಂಥ ಕನಸು ನಮ್ಮ ನಾಡಿಗೆ ಹೊಸದಲ್ಲ. 2003ರ ಸುಮಾರಿಗೆ ಬೆಂಗಳೂರು, ಹೈದರಾಬಾದು ಎರಡೂ ಫಾರ್ಮುಲಾ ಒನ್ ಪಂದ್ಯವನ್ನು ತಮ್ಮಲ್ಲಿಗೆ ತರಲು ಪೈಪೋಟಿ ನಡೆಸಿದ್ದುವು. ಅಲ್ಲಿ ಗೋಪನಪಲ್ಲಿಯ ಹೆಸರು ಕೇಳಿಬರುತ್ತಿತ್ತು. ಇಲ್ಲಿ ದೇವನಹಳ್ಳಿಯ ಹೆಸರು. ಹೈದರಾಬಾದಿನ ಹಂಬಲವು ಒಬ್ಬ ಮುಖ್ಯಮಂತ್ರಿಯ ಉತ್ಸಾಹದ ಮೇಲೆ ನಿಂತಿತ್ತು. 2004ರ ಚುನಾವಣೆಯಲ್ಲಿ ಚಂದ್ರಬಾಬು ನಾಯಡು ಅವರ ಸರಕಾರ ಸೋತಿತು, ಹಂಬಲವೂ ಮಲಗಿತು. ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಎದ್ದಿತು, 2008ರಲ್ಲಿ ವಿಮಾನಗಳು ಹಾರಿದುವು. ಓಟದ ಹಾದಿ ಮಾತ್ರ ಕಾಗದವನ್ನು ಬಿಟ್ಟು ನೆಲಕ್ಕಿಳಿಯಲಿಲ್ಲ. ಬಹುಶಃ ಕಾಗದದಲ್ಲೇ ಉಳಿದದ್ದು ಎರಡೂ ಊರುಗಳ ಪುಣ್ಯವೆಂದು ಈಗ ನನಗೆ ತೋರುತ್ತದೆ. ಏಕೆಂದರೆ ನೆಲಕ್ಕಿಳಿದ ಒಂದರ ಕಥೆಯನ್ನು ನಾವು ಉತ್ತರದಲ್ಲಿ ನೋಡಿದ್ದೇವೆ.

ದಿಲ್ಲಿಯ ಸಮೀಪ ಗ್ರೇಟರ್ ನೋಯ್ಡಾದ ಬುದ್ಧ ಅಂತರರಾಷ್ಟ್ರೀಯ ಸರ್ಕ್ಯೂಟಿಗೆ ತಗುಲಿದ ವೆಚ್ಚ ಸುಮಾರು 2000 ಕೋಟಿ ರೂಪಾಯಿ. ಜರ್ಮನಿಯ ಹರ್ಮನ್ ಟಿಲ್ಕೆ ರೂಪಿಸಿದ, 5 ಕಿಲೋಮೀಟರಿಗೂ ಮಿಕ್ಕಿದ ಆ ಹಾದಿಯಲ್ಲಿ 2011ರ ಅಕ್ಟೋಬರ್ 30ರಂದು ಮೊದಲ ಪಂದ್ಯ ನಡೆಯಿತು. ಲಕ್ಷಕ್ಕೆ ಸಮೀಪದ ಜನ ನೆರೆದಿದ್ದರು. ಸೆಬಾಸ್ಟಿಯನ್ ವೆಟ್ಟೆಲ್ ಎಂಬ ಜರ್ಮನ್ ತರುಣ ಗೆದ್ದ. 2012ರಲ್ಲಿಯೂ ಅವನೇ, 2013ರಲ್ಲಿಯೂ ಅವನೇ. ಅಲ್ಲಿಗೆ ಮುಗಿಯಿತು. ನಾಲ್ಕನೆಯ ಪಂದ್ಯ ನಡೆಯಲೇ ಇಲ್ಲ.

ಏಕೆ ನಡೆಯಲಿಲ್ಲ? ಇದರ ಲೆಕ್ಕವನ್ನು ಸ್ವಲ್ಪ ನಿಂತು ನೋಡಬೇಕು, ನಮ್ಮ ಪತ್ರಿಕೆಗಳು ಅಂದು ವೇಗವನ್ನು ಬಣ್ಣಿಸಿದಷ್ಟು ಈ ಲೆಕ್ಕವನ್ನು ಬಣ್ಣಿಸಲಿಲ್ಲ. ಪಂದ್ಯವನ್ನು ತನ್ನ ನೆಲದಲ್ಲಿ ನಡೆಸುವ ಹಕ್ಕಿಗಾಗಿ ಹಾದಿಯ ಒಡೆಯನು ಫಾರ್ಮುಲಾ ಒನ್ ಸಂಸ್ಥೆಗೆ ಹಣ ತೆರಬೇಕು. 2011ರ ಕರಾರಿನಲ್ಲಿ ಆ ಮೊತ್ತ 4 ಕೋಟಿ ಡಾಲರು. ದೂರದರ್ಶನದ ಪ್ರಸಾರದಿಂದ ಬರುವ ಹಣ, ಹಾದಿಯ ಬದಿಯ ಜಾಹೀರಾತಿನ ಹಣ, ಪ್ರಾಯೋಜಕರ ಹಣ ಇವೆಲ್ಲ ಆ ಸಂಸ್ಥೆಯ ಬಳಗಕ್ಕೇ ಸೇರತಕ್ಕದ್ದು. ನೆಲ ಹದಮಾಡಿ, ಡಾಂಬರು ಹಾಕಿ, ಮೆಟ್ಟಿಲು ಕಟ್ಟಿದವನಿಗೆ ಮುಖ್ಯವಾಗಿ ಉಳಿಯುವುದು ಟಿಕೀಟಿನ ಹಣ. ನಮ್ಮ ಹಳ್ಳಿಯ ಭಾಷೆಯಲ್ಲಿ ಹೇಳುವುದಾದರೆ, ಹೊಲ ನಮ್ಮದು, ಬೀಜ ಗೊಬ್ಬರ ನಮ್ಮದು, ರಾಶಿಯಾದ ಮೇಲೆ ಕಾಳು ಅವರದು, ಹೊಟ್ಟು ನಮ್ಮದು. ಅದರ ಮೇಲೆ ಅವರು ಹೊಲಕ್ಕೆ ಕಾಲಿಟ್ಟದ್ದಕ್ಕೆ ನಾವೇ ದಕ್ಷಿಣೆ ಕೊಡಬೇಕು! ಇಂಥ ಪಾಲಿನ ಕರಾರಿಗೆ ಯಲಬುರ್ಗಾದ ಯಾವ ಒಕ್ಕಲಿಗನೂ ಹೆಬ್ಬೆಟ್ಟು ಒತ್ತಲಾರ.

ಇದಕ್ಕೆ ತೆರಿಗೆಯ ತೊಡಕು ಸೇರಿತು. ಇದು ಕ್ರೀಡೆಯೋ ಮನರಂಜನೆಯೋ ಎಂಬ ಪ್ರಶ್ನೆ ಎದ್ದಿತು. ಕ್ರೀಡೆಯಲ್ಲವೆಂದು ಕೇಂದ್ರದ ಕ್ರೀಡಾ ಸಚಿವಾಲಯವೇ ಹೇಳಿತು. ಉತ್ತರ ಪ್ರದೇಶ ಸರಕಾರ ಮನರಂಜನಾ ತೆರಿಗೆಯನ್ನು ಮನ್ನಾ ಮಾಡಿದ್ದು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಟಿಕೀಟಿನ ಹಣದಲ್ಲಿ ನೂರಕ್ಕೆ 25ನ್ನು ಬೇರೆ ಖಾತೆಯಲ್ಲಿ ಇಡಬೇಕೆಂದು 2011ರಲ್ಲಿ ನ್ಯಾಯಾಲಯ ಹೇಳಿತು. ಫಾರ್ಮುಲಾ ಒನ್ ಸಂಸ್ಥೆಯು ಭಾರತದಲ್ಲಿ ಗಳಿಸಿದ್ದಕ್ಕೆ ಇಲ್ಲಿ ತೆರಿಗೆ ಕೊಡಬೇಕೆಂದು ಅದೇ ನ್ಯಾಯಾಲಯ 2017ರಲ್ಲಿ ತೀರ್ಪಿತ್ತಿತು. ಅಷ್ಟರಲ್ಲಿ ಹಾದಿಯನ್ನು ಕಟ್ಟಿದ ಜೇಪೀ ಸಮೂಹವು ಸಾಲದಲ್ಲಿ ಮುಳುಗತೊಡಗಿತ್ತು. ಬಾಕಿ ಕಟ್ಟಲಿಲ್ಲವೆಂದು ಯಮುನಾ ಎಕ್ಸ್‌ಪ್ರೆಸ್‌ವೇ ಪ್ರಾಧಿಕಾರವು 2020ರಲ್ಲಿ, ಹಾದಿಯೂ ಸೇರಿದ ಸುಮಾರು 1000 ಹೆಕ್ಟೇರು ನೆಲದ ಮಂಜೂರಾತಿಯನ್ನು ರದ್ದುಪಡಿಸಿತು. 2025ರಲ್ಲಿ ಅಲಹಾಬಾದ್ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಈ ನಡುವೆ 2024ರಲ್ಲಿ ಜಯಪ್ರಕಾಶ ಅಸೋಸಿಯೇಟ್ಸ್ ಕಂಪೆನಿಯೇ ದಿವಾಳಿ ವಿಚಾರಣೆಗೆ ಒಳಗಾಯಿತು. ಹಾದಿ ಹಾಳಾಯಿತೆಂದು ಹೇಳಲಾರೆ, 2023ರ ಸೆಪ್ಟೆಂಬರಿನಲ್ಲಿ ಅಲ್ಲಿ ಮೋಟಾರು ಸೈಕಲ್ಲುಗಳ ವಿಶ್ವಪಂದ್ಯವೊಂದು ನಡೆಯಿತು. ಆದರೆ ಆ ನೆಲದಲ್ಲಿ ಒಂದು ಕಾಲಕ್ಕೆ ಗೋಧಿ ಬೆಳೆಯುತ್ತಿತ್ತು. ವರ್ಷ ವರ್ಷ ಬೆಳೆಯುತ್ತಿತ್ತು.

ಸಂಪತ್ತುಳ್ಳ ನಾಡುಗಳಲ್ಲಿ ಹೀಗಾಗಲಾರದೆಂದು ನಾನು ಎಣಿಸಿದ್ದೆ. ಹುಡುಕಿ ನೋಡಿದಾಗ ಆ ಎಣಿಕೆ ತಪ್ಪೆಂದು ತಿಳಿಯಿತು. ಇಂಗ್ಲೆಂಡಿನ ಡಾನಿಂಗ್ಟನ್ ಎಂಬಲ್ಲಿ ಹಳೆಯ ಓಟದ ಹಾದಿಯನ್ನು ಹೊಸದಾಗಿಸುತ್ತೇವೆಂದು ಹೊರಟವರು 2010ರಿಂದ 17 ವರ್ಷ ಬ್ರಿಟಿಷ್ ಪಂದ್ಯ ನಡೆಸುವ ಕರಾರಿಗೆ 2008ರಲ್ಲಿ ಸಹಿ ಹಾಕಿದರು, ಇದ್ದ ಹಾದಿಯನ್ನು ಅಗೆದರು, ಹಣ ಹುಟ್ಟಲಿಲ್ಲ, 2009ರ ಕೊನೆಗೆ ಕಂಪೆನಿ ಕುಸಿಯಿತು. ಅಗೆದ ನೆಲವನ್ನು ಮುಚ್ಚಿ ಹಳೆಯ ಹಾದಿಯನ್ನು ಮತ್ತೆ ತೆರೆಯುವುದೇ ಮೂಲ ಒಡೆಯರ ಕುಟುಂಬಕ್ಕೆ ಕೆಲಸವಾಯಿತು.

ನನ್ನ ಮನಸ್ಸನ್ನು ಹೆಚ್ಚು ಕಾಡಿದ್ದು ವೇಲ್ಸಿನ ಕಥೆ. ಎಬ್ಬು ವೇಲ್ ಎಂಬುದು ಅಲ್ಲಿನ ಉಕ್ಕಿನ ಊರು. ಉಕ್ಕಿನ ಕಾರ್ಖಾನೆ 2002ರಲ್ಲಿ ಮುಚ್ಚಿತು, ಊರು ಬಡವಾಯಿತು. ಅಲ್ಲಿಗೆ ‘ಸರ್ಕ್ಯೂಟ್ ಆಫ್ ವೇಲ್ಸ್’ ಎಂಬ ಹಾದಿಯೊಂದು ಬರುವುದೆಂದೂ 6000 ಉದ್ಯೋಗಗಳು ಹುಟ್ಟುವುವೆಂದೂ ಖಾಸಗಿ ಉದ್ಯಮಿಗಳು ಹೇಳಿದರು. ವೆಚ್ಚ ಸುಮಾರು 43 ಕೋಟಿ ಪೌಂಡು. ಬ್ರಿಟನ್ನಿನ ಮೋಟಾರು ಸೈಕಲ್ ವಿಶ್ವಪಂದ್ಯದ ಹಕ್ಕನ್ನೂ ಅವರು ಹಾದಿ ಕಟ್ಟುವ ಮುಂಚೆಯೇ ಪಡೆದರು. ಹಾದಿಯಿಲ್ಲದ ಕಾರಣ ಪಂದ್ಯವನ್ನು ಸಿಲ್ವರ್‌ಸ್ಟೋನಿನಲ್ಲಿ ನಡೆಸಬೇಕಾಯಿತು. ಮದುಮಗಳು ಗೊತ್ತಾಗುವ ಮುಂಚೆ ಹಂದರ ಹಾಕಿದಂತಾಯಿತು. ಕೊನೆಗೆ, ಸರಕಾರ ಹಣ ಹೂಡುವುದು ಬೇಡ, ಸುಮಾರು ಅರ್ಧದಷ್ಟು ಮೊತ್ತಕ್ಕೆ ಜಾಮೀನು ನಿಂತರೆ ಸಾಕು ಎಂದು ಕೇಳಿದರು. 2017ರ ಜೂನಿನಲ್ಲಿ ವೇಲ್ಸ್ ಸರಕಾರ ಒಲ್ಲೆನೆಂದಿತು. ಅಪಾಯದ ಹೆಚ್ಚಿನ ಪಾಲನ್ನು ತಾನೇ ಹೊತ್ತರೆ ಇಡೀ ಸಾಲವನ್ನು ಸರಕಾರದ್ದೆಂದೇ ಲೆಕ್ಕ ಹಿಡಿಯುವ ಸಂಭವವಿದೆ, ಆಗ ಬೇರೆ ಕೆಲಸಗಳ ಹಣಕ್ಕೆ ಕತ್ತರಿ ಬೀಳುತ್ತದೆ ಎಂಬುದು ಅದು ಕೊಟ್ಟ ಕಾರಣ. ಅಷ್ಟರಲ್ಲಿ ಸುಮಾರು 90 ಲಕ್ಷ ಪೌಂಡು ಸಾರ್ವಜನಿಕ ಹಣ ಆಗಲೇ ಖರ್ಚಾಗಿತ್ತು.

‘ಜಾಮೀನು ನಿಂತರೆ ಸಾಕು’ ಎಂಬ ಮಾತನ್ನು ಓದಿದಾಗ ನನಗೆ ನಗೆಯೂ ಬಂತು, ಹೊಟ್ಟೆಯೂ ಉರಿಯಿತು. ಹಲವು ವರ್ಷಗಳ ಕೆಳಗೆ ನನ್ನ ಸಹೋದ್ಯೋಗಿಯೊಬ್ಬರು ಇದೇ ಮಾತನ್ನು ಆಡಿದ್ದರು. “ನೀವೇನ್ ರೊಕ್ಕಾ ಕೊಡೂದು ಬ್ಯಾಡ್ರಿ, ಬರೇ ಒಂದ್ ಸಹಿ” ಎಂದಿದ್ದರು. ಸೊಸೈಟಿಯೊಂದರಲ್ಲಿ ಒಂದು ಸಹಿ ಹಾಕಿದೆ. ಅವರು ಮನೆ ಕಟ್ಟಲು ಹೊರಟವರು, ಸಜ್ಜನರು. ಮೋಸದ ಮಾತೇ ಇರಲಿಲ್ಲ. ಅಡಿಪಾಯ ಮುಗಿದು ಗೋಡೆ ಎದೆಮಟ್ಟಕ್ಕೆ ಬಂದಾಗ ಅವರ ಮನೆಯಲ್ಲಿ ಕಾಯಿಲೆ ಹೊಕ್ಕಿತು, ಕಂತು ನಿಂತಿತು. ಎರಡು ವರ್ಷ ನನ್ನ ಸಂಬಳದಲ್ಲಿ ಕಡಿತವಾಯಿತು. ಆ ವರ್ಷಗಳಲ್ಲಿ ಕೊಳ್ಳಬೇಕೆಂದಿದ್ದ ಪುಸ್ತಕಗಳನ್ನು ಕೊಳ್ಳಲಿಲ್ಲವೆಂಬುದು ಸಣ್ಣ ಸಂಗತಿ. ನನ್ನ ಮಗಳ ಶಾಲೆಯ ಫೀಜು ತಡವಾದಾಗ ಅವಳು ತರಗತಿಯಲ್ಲಿ ನಿಲ್ಲಬೇಕಾಯಿತೆಂಬುದು ಅಷ್ಟು ಸಣ್ಣದಲ್ಲ. ಅವಳು ಯಾವ ಕಾಗದಕ್ಕೂ ಸಹಿ ಹಾಕಿರಲಿಲ್ಲ. ಸರಕಾರ ಜಾಮೀನು ನಿಂತರೆ ಹಾಗೆಯೇ. ಸಹಿ ಹಾಕುವವರು ಒಬ್ಬರು, ಬೆಂಚಿನ ಮೇಲೆ ನಿಲ್ಲುವವರು ಇನ್ನೊಬ್ಬರು.

ಆದರೆ ಎಬ್ಬು ವೇಲಿನ ಜನರ ಕಡೆಯಿಂದ ನೋಡಿದಾಗ ಮಾತು ಇಷ್ಟು ಸರಳವಾಗಿ ಉಳಿಯುವುದಿಲ್ಲ. ಆ ಹಾದಿಗೆ ಬದಲಾಗಿ ವಾಹನ ತಂತ್ರಜ್ಞಾನದ ಉದ್ಯಮವಲಯಕ್ಕೆ ಹತ್ತು ವರ್ಷಗಳಲ್ಲಿ 10 ಕೋಟಿ ಪೌಂಡು ಕೊಡುವುದಾಗಿ ಸರಕಾರ ಹೇಳಿತಾದರೂ, ಕಾದು ಕುಳಿತವರಿಗೆ ನಿರಾಸೆಯಾಯಿತು. ಬಡ ಸೀಮೆಗೆ ಯಾರಾದರೂ ಧೈರ್ಯಮಾಡಿ ಹಣ ಹೂಡಲೇಬೇಕು. ಲೆಕ್ಕ ನೋಡಿ ‘ಒಲ್ಲೆ’ ಎನ್ನುವ ಜಾಣತನವನ್ನೇ ಎಲ್ಲರೂ ತೋರಿದ್ದರೆ ನಮ್ಮ ತುಂಗಭದ್ರೆಗೆ 1953ರಲ್ಲಿ ಅಣೆಕಟ್ಟು ಮುಗಿಯುತ್ತಿರಲಿಲ್ಲ, ಗಂಗಾವತಿ ಭತ್ತದ ನಾಡಾಗುತ್ತಿರಲಿಲ್ಲ. 1997-98ರಲ್ಲಿ ಮಂಜೂರಾದ ಮುನಿರಾಬಾದ್-ಮೆಹಬೂಬನಗರ ರೈಲುಮಾರ್ಗದ ಗಾಡಿ ಗಂಗಾವತಿಗೆ ಬಂದದ್ದು 2019ರಲ್ಲಿ. 2013-14ರಲ್ಲಿ ಮಂಜೂರಾದ ಗದಗ-ವಾಡಿ ಮಾರ್ಗದ ಗಾಡಿ ಯಲಬುರ್ಗಾ ಸೀಮೆಯನ್ನು ದಾಟಿ ಕುಷ್ಟಗಿಗೆ ಬಂದದ್ದು 2025ರ ಮೇ ತಿಂಗಳಲ್ಲಿ. ಹಣವಿಲ್ಲ, ನೆಲವಿಲ್ಲ ಎಂದು ಕೆಲಸ ಕುಂಟಿದಾಗ ‘ಈ ಕಡೆಗೆ ರೈಲು ಯಾತಕ್ಕೆ’ ಎಂದು ಯಾರಾದರೂ ಕೇಳಿದ್ದರೆ ನಾವು ಸಿಟ್ಟಾಗುತ್ತಿದ್ದೆವು. ಹುಡುಗನ ಪ್ರಶ್ನೆಗೆ ನಗುವ ಹಕ್ಕು ನಮಗೆಲ್ಲಿಂದ ಬಂತು?

ಇಲ್ಲಿ ನಾನು ಮತ್ತೆ ಶಾಸನಕ್ಕೇ ಮರಳಬೇಕಾಗಿದೆ. ಕನ್ನಡ ಮೇಷ್ಟರ ಚಪಲವೆಂದು ವಾಚಕರು ಕ್ಷಮಿಸಲಿ. ನಮ್ಮ ಹಳೆಯ ದತ್ತಿಶಾಸನಗಳಲ್ಲಿ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಪದಪುಂಜ ಮತ್ತೆ ಮತ್ತೆ ಬರುತ್ತದೆ. ಒಡೆದುದನ್ನು, ಬಿರಿದುದನ್ನು, ಹಳತಾದುದನ್ನು ಸರಿಪಡಿಸುವ ಕೆಲಸಕ್ಕೆಂದು ಇಷ್ಟು ಮತ್ತರು ಭೂಮಿ, ಇಷ್ಟು ಸುಂಕ ಎಂದು ಬಿಟ್ಟುಕೊಡುವ ಮಾತು ಅದು. ದೇವರ ಪೂಜೆಗೆ, ನೈವೇದ್ಯಕ್ಕೆ ದತ್ತಿ ಬಿಡುವಾಗಲೇ ಗೋಡೆ ಬಿರಿಯುವ ದಿನಕ್ಕೂ ದತ್ತಿ ಬಿಡುತ್ತಿದ್ದರು. ನಿತ್ಯದ ಖರ್ಚು ಎಲ್ಲಿಂದ ಬರುತ್ತದೆಂಬುದು ಕಲ್ಲಿನ ಮೇಲೆ, ಊರವರ ಕಣ್ಣೆದುರಿಗೆ ಬರೆದಿರುತ್ತಿತ್ತು. ಎಲ್ಲ ದತ್ತಿಗಳೂ ನಿಂತುವೆಂದು ನಾನು ಹೇಳುತ್ತಿಲ್ಲ. ನುಂಗಿದವರಿಗೆ ಶಾಪ ಹಾಕುವ ಸಾಲುಗಳೂ ಅದೇ ಕಲ್ಲುಗಳಲ್ಲಿವೆ, ನುಂಗುವವರು ಇದ್ದುದರಿಂದಲೇ ತಾನೆ! ಆದರೂ ಲೆಕ್ಕವನ್ನು ಕಟ್ಟಡದ ಜೊತೆಗೇ ನಿಲ್ಲಿಸುವ ಪದ್ಧತಿಯಿತ್ತು.

ನಮ್ಮ ಕಾಲದಲ್ಲಿ ಕಟ್ಟುವ ಹಣಕ್ಕೆ ಸಮಾರಂಭವುಂಟು, ಕಾಪಾಡುವ ಹಣಕ್ಕೆ ಸಮಾರಂಭವಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ ಈ ಸೀಮೆಯ ರೈತರು ನಿದ್ದೆಯಿಲ್ಲದೆ ಕಳೆದ ದಿನಗಳನ್ನು ಬಲ್ಲವರು ಬಲ್ಲರು. ಇನ್ನೂ ಹತ್ತಿರದ ಉದಾಹರಣೆ ನನ್ನ ವೃತ್ತಿಯದೇ. ತಳಕಲ್ಲಿನಲ್ಲಿ ನಮ್ಮ ಜಿಲ್ಲೆಗೊಂದು ವಿಶ್ವವಿದ್ಯಾಲಯ 2023ರಲ್ಲಿ ಬಂತು, ನಾವೆಲ್ಲ ಹಿಗ್ಗಿದೆವು. 2025ರ ಆರಂಭದಲ್ಲಿ, ಹಣದ ಅಭಾವವನ್ನು ಮುಂದಿಟ್ಟು ಸಚಿವ ಸಂಪುಟದ ಉಪಸಮಿತಿಯು ಮುಚ್ಚಬಹುದೆಂದ ಒಂಬತ್ತು ಹೊಸ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಅದರ ಹೆಸರೂ ಇತ್ತು. ವಿಶ್ವವಿದ್ಯಾಲಯವನ್ನು ಓಟದ ಹಾದಿಯೊಡನೆ ಹೋಲಿಸುವುದು ಸರಿಯೇ ಎಂದು ಕೆಲವರು ಕೇಳಬಹುದು. ಎರಡರ ಫಲದಲ್ಲಿ ಅಜಗಜಾಂತರವಿದೆ: ಒಂದು ವರ್ಷಕ್ಕೆ ಮೂರು ದಿನ ತುಂಬಿ ಉಳಿದ ದಿನ ಖಾಲಿ ಬೀಳುವುದು, ಇನ್ನೊಂದು ದಿನವೂ ಬೇಕಾದದ್ದು. ದತ್ತಿ ಬಿಡದೆ ಕಟ್ಟಿದ ರೀತಿ ಮಾತ್ರ ಒಂದೇ.

ಹಾಗಾದರೆ ಓಟದ ಹಾದಿಯೇ ಬೇಡವೆ? ದಕ್ಷಿಣದಲ್ಲಿಯೇ ಎರಡು ಹಾದಿಗಳು ಸದ್ದುಗದ್ದಲವಿಲ್ಲದೆ ಬಾಳುತ್ತಿವೆ. ಮದರಾಸಿನ ಮೋಟಾರು ಪ್ರೇಮಿಗಳು ಶೋಲಾವರದ ಹಳೆಯ ವಿಮಾನದ ಪಟ್ಟಿಯ ಮೇಲೆ ಬಹುಕಾಲ ಪಂದ್ಯ ನಡೆಸಿ, ಆಮೇಲೆ ಇರುಂಗಾಟ್ಟುಕೋಟ್ಟೈಯಲ್ಲಿ ತಮ್ಮದೇ ಹಾದಿಯನ್ನು ಮಾಡಿಕೊಂಡರು. ಕೊಯಮತ್ತೂರಿನ ಬಳಿ, 1995ರಲ್ಲಿ ವಿಮಾನಾಪಘಾತದಲ್ಲಿ ತೀರಿಕೊಂಡ ಎಸ್. ಕರಿವರ್ಧನ್ ಅವರ ಹೆಸರಿನ ಕರಿ ಸ್ಪೀಡ್‌ವೇ ಇದೆ. ಉದ್ದ ಎರಡು ಕಿಲೋಮೀಟರಿಗೆ ತುಸು ಹೆಚ್ಚು. ಜಗತ್ತಿನ ಚಾಂಪಿಯನ್ನರು ಅಲ್ಲಿಗೆ ಬರುವುದಿಲ್ಲ. ಕಲಿಯುವ ಹುಡುಗರು ಬರುತ್ತಾರೆ. ನಾಳೆ ಕುಷ್ಟಗಿಯ ಬಯಲಿಗೆ ಯಾರಾದರೂ ನಕ್ಷೆ ಹಿಡಿದು ಬಂದರೆ, ಉದ್ಯೋಗ ಎಷ್ಟು ಎಂಬುದಕ್ಕಿಂತ ಮೊದಲು ನಮ್ಮವರು ಕೇಳಬೇಕಾದದ್ದು ನಾಲ್ಕನೆಯ ವರ್ಷದ ಲೆಕ್ಕವನ್ನು. ನೆಲವನ್ನು ಮಾರಿಸಿಕೊಳ್ಳುವ ಬದಲು ಗುತ್ತಿಗೆಗೆ ಕೇಳುತ್ತಾರೆಯೆ, ಹಾದಿ ಮುಚ್ಚಿದರೆ ಹೊಲ ಯಾರಿಗೆ ಮರಳುತ್ತದೆ ಎಂಬುದನ್ನೂ ಕೇಳಬೇಕು. ಬರಗಾಲದ ಸೀಮೆಯ ಒಣಭೂಮಿಯೆಂದು ಅಗ್ಗಕ್ಕೆ ಕೇಳುವವರಿಗೆ, ಆ ಭೂಮಿಯೇ ನಮ್ಮನ್ನು ಇಷ್ಟು ತಲೆಮಾರು ಜೋಳ-ಸಜ್ಜೆ ಕೊಟ್ಟು ಸಾಕಿದೆಯೆಂಬುದು ಗೊತ್ತಿರಲಾರದು.

ಮರುದಿನ ಕಾರಿಡಾರಿನಲ್ಲಿ ಹುಡುಗ ಸಿಕ್ಕ. ಇದನ್ನೆಲ್ಲ ಸಂಕ್ಷೇಪವಾಗಿ ಹೇಳಿದೆ. ಸುಮ್ಮನೆ ಕೇಳಿಸಿಕೊಂಡ. ಆಮೇಲೆ, “ಹಂಗಾದ್ರ ಸಣ್ಣದೊಂದು ಕಟ್ಟೋಣ್ರಿ ಸರ್. ನಮ್ಮ ಮಾವನ ಹೊಲ ಐತ್ರಿ ಹೆದ್ದಾರಿ ಬಾಜೂಕ. ಬ್ಯಾಂಕಿನ್ಯಾಗ ಸಾಲಕ್ಕ ನೀವು ಜಾಮೀನು ಆಗ್ತೀರೇನ್ರಿ?” ಎಂದ. ಕಣ್ಣಿನಲ್ಲಿ ತುಂಟತನವಿತ್ತೋ ನಿಜವಾಗಿಯೇ ಕೇಳಿದನೋ ನನಗೆ ತಿಳಿಯಲಿಲ್ಲ. ಗಂಟೆ ಬಾರಿಸಿತೆಂದು ಹೇಳಿ ನಾನು ತರಗತಿಯೊಳಗೆ ಹೋದೆ.