ಹ್ಯಾಕರ್ ಬಂದ ರಾತ್ರಿ ಬ್ಯಾಡಗಿ ಸಬ್‌ಸ್ಟೇಷನ್‌ನಲ್ಲಿ ಯಾರಿರ್ತಾರೆ?

2022ರ ಅಕ್ಟೋಬರ್ 12ರಂದು ದೇಶದ ವಿದ್ಯುತ್ ಕಂಪನಿಗಳ ಮೇಲೆ ಒಂದು ಸೈಬರ್ ದಾಳಿ ನಡೆಯಿತು. ಎಲ್ಲೂ ಕರೆಂಟ್ ಹೋಗಲಿಲ್ಲ, ಯಾಕಂದ್ರೆ ಅದು ಅಣಕು ದಾಳಿ. ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ನಡೆಸಿದ ಈ ಕಸರತ್ತಿನ ಹೆಸರು ‘ಪವರ್‌ಎಕ್ಸ್’. 193 ವಿದ್ಯುತ್ ಸಂಸ್ಥೆಗಳಿಗೆ ಆಹ್ವಾನವಿತ್ತು. 350ಕ್ಕೂ ಹೆಚ್ಚು ಅಧಿಕಾರಿಗಳು ಕಂಪ್ಯೂಟರ್ ಮುಂದೆ ಕೂತು ದಾಳಿಯನ್ನು ಗುರುತಿಸುವುದು, ಎದುರಿಸುವುದನ್ನು ಅಭ್ಯಾಸ ಮಾಡಿದರು.

ಇದು ಆಗಬೇಕಾದ ಕೆಲಸವೇ. ನನ್ನ ತಕರಾರು ಇರುವುದು ಅದು ಎಲ್ಲಿಗೆ ನಿಲ್ಲುತ್ತೆ ಅನ್ನುವುದರ ಬಗ್ಗೆ.

ಚೀನಾ ಹ್ಯಾಕರ್‌ಗೂ ನಮ್ಮ ಉತ್ತರ ಕರ್ನಾಟಕಕ್ಕೂ ಏನು ಸಂಬಂಧ ಅಂತ ಕೇಳುವವರು 2021ರ ಫೆಬ್ರವರಿ ನೆನಪಿಸಿಕೊಳ್ಳಿ. ಅಮೆರಿಕದ ರೆಕಾರ್ಡೆಡ್ ಫ್ಯೂಚರ್ ಕಂಪನಿ ಒಂದು ವರದಿ ಬಿಟ್ಟಿತು. ಚೀನಾ ನಂಟಿನ ‘ರೆಡ್‌ಎಕೋ’ ಗುಂಪು ಭಾರತದ 10 ವಿದ್ಯುತ್ ಸಂಸ್ಥೆಗಳನ್ನು ಗುರಿ ಮಾಡಿದೆ ಅಂತ ಅದರಲ್ಲಿತ್ತು. ಪಟ್ಟಿಯಲ್ಲಿ ಬೆಂಗಳೂರಿನ ದಕ್ಷಿಣ ಪ್ರಾದೇಶಿಕ ಲೋಡ್ ಡಿಸ್ಪ್ಯಾಚ್ ಕೇಂದ್ರ ಇತ್ತು. ವಿಜಯಪುರ ಜಿಲ್ಲೆಯ ಕೂಡಗಿಯ ಎನ್‌ಟಿಪಿಸಿ ಸ್ಥಾವರವೂ ಇತ್ತು. ಗ್ರಿಡ್ ಕೆಲಸಕ್ಕೆ ಯಾವ ತೊಂದರೆಯೂ ಆಗಿಲ್ಲ ಎಂದು ಇಂಧನ ಸಚಿವಾಲಯ ಹೇಳಿತು. ತೊಂದರೆ ಆಗದಿರಬಹುದು, ಆದರೆ ವಿಳಾಸ ಮಾತ್ರ ನಮ್ಮದೇ.

ಇನ್ನು ಇದರ ತಾಂತ್ರಿಕ ಭಾಗ. ಸಬ್‌ಸ್ಟೇಷನ್‌ನಲ್ಲಿ ಒಂದು ಪೆಟ್ಟಿಗೆ ಇರುತ್ತೆ, ಅದರ ಹೆಸರು ಆರ್‌ಟಿಯು. ವೋಲ್ಟೇಜ್ ಎಷ್ಟು, ಯಾವ ಬ್ರೇಕರ್ ತೆರೆದಿದೆ, ಯಾವುದು ಮುಚ್ಚಿದೆ ಎಂಬುದನ್ನು ಅದು ನಿಯಂತ್ರಣ ಕೇಂದ್ರಕ್ಕೆ ಹೇಳುತ್ತಾ ಇರುತ್ತೆ. ಅಲ್ಲಿಂದ ಬಂದ ಆದೇಶವನ್ನು ಪಾಲಿಸುತ್ತೆ. ಈ ಮಾತುಕತೆಗೆ ಬಳಕೆಯಾಗುವ ಒಂದು ಭಾಷೆ ಐಇಸಿ 104. ಮೂಲದಲ್ಲಿ ಅದಕ್ಕೆ ‘ನೀನು ಯಾರು?’ ಅಂತ ಕೇಳುವ ಅಭ್ಯಾಸವೇ ಇಲ್ಲ. ಆದೇಶ ಸರಿಯಾದ ರೂಪದಲ್ಲಿ ಬಂದರೆ ಸಾಕು, ಬ್ರೇಕರ್ ಬೀಳುತ್ತೆ. 2016ರ ಡಿಸೆಂಬರ್‌ನಲ್ಲಿ ಉಕ್ರೇನಿನ ಕೀವ್‌ನಲ್ಲಿ ಕರೆಂಟ್ ತೆಗೆದ ‘ಇಂಡಸ್ಟ್ರಾಯರ್’ ಕುತಂತ್ರಾಂಶಕ್ಕೆ ಈ ಭಾಷೆ ಚೆನ್ನಾಗಿ ಗೊತ್ತಿತ್ತು.

ಓಡುತ್ತಿರುವ ಗ್ರಿಡ್ ಮೇಲೆ ಇದನ್ನು ಪ್ರಯೋಗ ಮಾಡೋಕೆ ಆಗಲ್ಲ. ಹಾಗಾಗಿ ಲ್ಯಾಬ್‌ನಲ್ಲಿ ಗ್ರಿಡ್‌ನ ಕಂಪ್ಯೂಟರ್ ಮಾದರಿ ಕಟ್ಟಿ, ಅದಕ್ಕೆ ನಿಜವಾದ ರಿಲೇ, ಆರ್‌ಟಿಯು ಜೋಡಿಸಿ, ಸುಳ್ಳು ಆದೇಶ ಕಳಿಸಿ ನೋಡ್ತಾರೆ. ಪರದೆ ಮೇಲೆ ಎಲ್ಲ ಸರಿ ಅಂತ ತೋರಿಸುತ್ತಲೇ ಹಿಂದೆ ಫೀಡರ್ ಬೀಳಿಸುವ ದಾಳಿಯನ್ನೂ ಹೀಗೆ ಪರೀಕ್ಷಿಸಬಹುದು. ಯಂತ್ರದ ದೌರ್ಬಲ್ಯ ಇಲ್ಲಿ ಸಿಗುತ್ತೆ. ಮನುಷ್ಯರು ಏನು ಮಾಡ್ತಾರೆ ಅನ್ನೋದು ಸಿಗಲ್ಲ.

ಕೀವ್ ದಾಳಿಗೆ ಒಂದು ವರ್ಷ ಮೊದಲು ಅದೇ ದೇಶ ಕಲಿಸಿದ ಪಾಠ ಇದು. 2015ರ ಡಿಸೆಂಬರ್ 23ರಂದು ಮೂರು ವಿತರಣಾ ಕಂಪನಿಗಳ ಜಾಲಕ್ಕೆ ನುಗ್ಗಿದವರು ಸುಮಾರು 30 ಸಬ್‌ಸ್ಟೇಷನ್‌ಗಳನ್ನು ಆರಿಸಿದರು. ಸುಮಾರು 2.25 ಲಕ್ಷ ಗ್ರಾಹಕರಿಗೆ ಕತ್ತಲು. ಆಪರೇಟರ್ ಕಣ್ಣೆದುರೇ ಮೌಸ್ ಬಾಣ ತಾನಾಗಿ ಓಡಾಡಿ ಬ್ರೇಕರ್ ತೆಗೆಯುತ್ತಿತ್ತು. ದೂರು ಹೇಳುವ ಫೋನ್‌ಗಳಿಗೆ ಸುಳ್ಳು ಕರೆ ಸುರಿಸಿ ಅದನ್ನೂ ಮುಚ್ಚಿದರು. ಆದರೂ ಕೆಲವೇ ಗಂಟೆಗಳಲ್ಲಿ ಕರೆಂಟ್ ವಾಪಸ್ ಬಂತು. ಸಿಬ್ಬಂದಿ ಗಾಡಿ ಹತ್ತಿ ಸಬ್‌ಸ್ಟೇಷನ್‌ಗೆ ಹೋಗಿ ಬ್ರೇಕರ್‌ಗಳನ್ನು ಕೈಯಾರೆ ಹಾಕಿದ್ದೇ ಅದಕ್ಕೆ ಕಾರಣ.

ಈಗ ಬ್ಯಾಡಗಿಗೆ ಬನ್ನಿ. ಇಲ್ಲಿ ಕರೆಂಟ್ ಹೋದರೆ ಯಾರೂ ಬೆಚ್ಚಲ್ಲ. ಗಾಳಿ ಬೀಸಿರಬೇಕು, ಟಿಸಿ ಸುಟ್ಟಿರಬೇಕು, ಲೋಡ್ ಶೆಡ್ಡಿಂಗ್ ಇರಬೇಕು ಅಂತ ಸುಮ್ಮನಾಗ್ತೇವೆ. ದಾಳಿಕೋರನಿಗೆ ಇದಕ್ಕಿಂತ ಒಳ್ಳೆಯ ಮರೆ ಬೇಕೆ? ಮೊದಲ ಅರ್ಧ ಗಂಟೆ ಇದು ದಾಳಿ ಅಂತ ಗೊತ್ತಾಗದೇ ಕಳೆಯುತ್ತೆ. ಗುರುತಿಸಬೇಕಾದವರು ಪಾಳಿಯಲ್ಲಿರುವ ಆಪರೇಟರ್. ರಾಜ್ಯದ ಅನೇಕ ಸಬ್‌ಸ್ಟೇಷನ್‌ಗಳಲ್ಲಿ ಅವರು ಗುತ್ತಿಗೆ ನೌಕರರು. ನಾಳೆ ಕೆಲಸ ಇರುತ್ತೋ ಇಲ್ಲವೋ ಗೊತ್ತಿಲ್ಲದವರ ಹೆಗಲ ಮೇಲೆ ದೇಶದ ಭದ್ರತೆ ಇಟ್ಟು, ತರಬೇತಿಯನ್ನು ಮಾತ್ರ ಮೇಲಿನ ಅಧಿಕಾರಿಗಳಿಗೇ ಕೊಟ್ಟರೆ ಹೇಗೆ?

ಕೋಲ್ಡ್ ಸ್ಟೋರೇಜ್‌ನಲ್ಲಿ ಮೆಣಸಿನಕಾಯಿ ಚೀಲಗಳಿವೆ. ಬ್ಯಾಡಗಿ ಕಾಯಿಗೆ ಬಣ್ಣವೇ ಬೆಲೆ, ಆ ಬಣ್ಣ ಉಳಿಯೋದು ತಂಪಿನಲ್ಲಿ. ಒಂದೆರಡು ತಾಸನ್ನು ಜನರೇಟರ್ ತಡೆದುಕೊಳ್ಳುತ್ತೆ, ದಿನಗಟ್ಟಲೆ ಆದರೆ ಡೀಸೆಲ್ ಖರ್ಚು ಏರುತ್ತಾ ಹೋಗುತ್ತೆ. ನನಗೆ ಇನ್ನೂ ದೊಡ್ಡ ಭಯ ಟೆಂಡರ್ ದಿನದ್ದು. 2024ರ ಮಾರ್ಚ್ 11, ಸೋಮವಾರ, ದರ ಕುಸಿಯಿತು ಅಂತ ಸಿಟ್ಟಿಗೆದ್ದ ರೈತರಿಂದ ಇಲ್ಲಿನ ಎಪಿಎಂಸಿ ಕಚೇರಿಗೆ ಬೆಂಕಿ ಬಿತ್ತು, ವಾಹನಗಳು ಸುಟ್ಟವು. ಇ-ಟೆಂಡರ್ ನಡೆಯುವ ಆ ಮಾರುಕಟ್ಟೆಯಲ್ಲಿ, ದರ ಬರುವ ಹೊತ್ತಿಗೆ ಕರೆಂಟ್, ನೆಟ್‌ವರ್ಕ್ ಎರಡೂ ಹೋಗಿ, ಯಾಕೆ ಅಂತ ಹೇಳುವವರೇ ಇಲ್ಲದಿದ್ದರೆ? ಆ ಖಾಲಿ ಜಾಗವನ್ನು ವಾಟ್ಸಾಪ್ ವದಂತಿ ತುಂಬುತ್ತೆ. ಜನರಿಗೆ ಯಾರು, ಎಷ್ಟು ಹೊತ್ತಿನೊಳಗೆ, ಏನು ಹೇಳಬೇಕು ಎಂಬುದೂ ಅಣಕು ದಾಳಿಯ ಭಾಗವಾಗಬೇಕು.

ಕಾಗದದಲ್ಲಿ ನಿಯಮಗಳಿವೆ. ಕೇಂದ್ರ ವಿದ್ಯುತ್ ಪ್ರಾಧಿಕಾರ 2021ರ ಅಕ್ಟೋಬರ್‌ನಲ್ಲಿ ಸೈಬರ್ ಭದ್ರತಾ ಮಾರ್ಗಸೂಚಿ ಹೊರಡಿಸಿತು. ಪ್ರತಿ ಸಂಸ್ಥೆಗೂ ಮಾಹಿತಿ ಭದ್ರತೆಗೆಂದೇ ಒಬ್ಬ ಮುಖ್ಯ ಅಧಿಕಾರಿ ಇರಬೇಕು ಅಂತ ಅದು ಹೇಳುತ್ತೆ. ಅದು ಕೆಳಗೆ ಎಷ್ಟು ಇಳಿದಿದೆ ಅಂತ ಕೇಳೋಕೆ ಹೋದರೆ ಆರ್‌ಟಿಐ ಕಾಯ್ದೆಯ 8(1)(ಎ) ಕಲಮು, ಅಂದರೆ ದೇಶದ ಭದ್ರತೆ, ಅಡ್ಡ ಬರಬಹುದು. ಯಾವ ಬಾಗಿಲಿಗೆ ಯಾವ ಬೀಗ ಅಂತ ಬಹಿರಂಗ ಮಾಡಿ ಅಂತ ನಾನೂ ಕೇಳಲ್ಲ. ಬೀಗ ಇದೆಯೋ ಇಲ್ಲವೋ ಎಂಬುದು ಬಿಲ್ ಕಟ್ಟುವವರಿಗೆ ಗೊತ್ತಿರಬೇಕು.

ಅದಕ್ಕೊಂದು ವೇದಿಕೆ ಈಗಾಗಲೇ ಇದೆ. ದರ ಪರಿಷ್ಕರಣೆಗೆ ಮುನ್ನ ಕೆಇಆರ್‌ಸಿ ಸಾರ್ವಜನಿಕ ವಿಚಾರಣೆ ನಡೆಸುತ್ತೆ, ಹೆಸ್ಕಾಂ ಗ್ರಾಹಕರು ಲಿಖಿತ ಆಕ್ಷೇಪಣೆ ಕೊಡಬಹುದು. ಯೂನಿಟ್‌ಗೆ ಎಷ್ಟು ಪೈಸೆ ಏರಿತು ಅಂತ ಕೇಳುವ ನಾವು ಇನ್ನು ಮೂರು ಪ್ರಶ್ನೆ ಸೇರಿಸೋಣ. ಕಳೆದ ವರ್ಷ ಎಷ್ಟು ಸಬ್‌ಸ್ಟೇಷನ್‌ಗಳಲ್ಲಿ ಸಂಪರ್ಕ ಕಡಿದು ಕೈಯಾರೆ ನಡೆಸುವ ಅಭ್ಯಾಸ ಆಯಿತು? ಅದರಲ್ಲಿ ಗುತ್ತಿಗೆ ಆಪರೇಟರ್‌ಗಳು, ಲೈನ್‌ಮನ್‌ಗಳು ಇದ್ದರಾ? ಫೋನೂ ಸತ್ತಾಗ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಸಿಬ್ಬಂದಿ ಒಬ್ಬರಿಗೊಬ್ಬರು ಸುದ್ದಿ ಮುಟ್ಟಿಸುವುದು ಹೇಗೆ?

ಈ ಮೂರಕ್ಕೆ ಉತ್ತರ ಕೊಟ್ಟರೆ ಯಾವ ಹ್ಯಾಕರ್‌ಗೂ ಗುಟ್ಟು ಸಿಗಲ್ಲ. ಉತ್ತರ ಇಲ್ಲ ಅಂದರೆ ಮಾತ್ರ ನಮಗೆ ಒಂದು ವಿಷಯ ಗೊತ್ತಾಗುತ್ತೆ.