ನಕ್ಷೆಯೂ ಇರಲಿ, ಜಿ.ಪಿ.ಎಸ್. ಕೂಡ ಇರಲಿ



ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಕಾಡಂಚಿನಲ್ಲಿ ಬೆಟ್ಟದ ಸೈಕಲ್ ತುಳಿಯುವ ಯುವಕರು ದಾರಿಗೆ ಫೋನನ್ನೇ ನಂಬುತ್ತಾರೆ. ತಪ್ಪೇನಿಲ್ಲ. ಆದರೆ ಒಂದು ವಿಷಯ ತಿಳಿದಿರಬೇಕು. ಜಿ.ಪಿ.ಎಸ್. ನಾವು ನಿಂತ ಜಾಗವನ್ನು ಉಪಗ್ರಹಗಳಿಂದ ಅರಿಯುತ್ತದೆ. ಅದಕ್ಕೆ ಟವರ್ ಬೇಕಿಲ್ಲ. ಸುತ್ತಲಿನ ನಕ್ಷೆಯನ್ನು ಮಾತ್ರ ಮೊದಲೇ ಫೋನಿಗೆ ಇಳಿಸಿಕೊಂಡಿರಬೇಕು. ಇಲ್ಲವಾದರೆ ಸಿಗ್ನಲ್ ಸಿಗದ ಕಡೆ ಖಾಲಿ ಪರದೆಯ ಮೇಲೆ ಒಂದು ಚುಕ್ಕೆಯಷ್ಟೇ ಉಳಿಯುತ್ತದೆ.

ಸರ್ವೆ ಆಫ್ ಇಂಡಿಯಾದ 1:50,000 ಪ್ರಮಾಣದ ಹಾಳೆಯಲ್ಲಿ 2 ಸೆಂಟಿಮೀಟರ್ ಎಂದರೆ 1 ಕಿಲೋಮೀಟರ್. ಎತ್ತರದ ಗೆರೆಗಳು ಒತ್ತಾಗಿದ್ದರೆ ಏರು ಕಡಿದು. ಇದನ್ನು ಓದಲು ಬ್ಯಾಟರಿ ಬೇಡ.

ಆದರೆ ಹೊಸದಾಗಿ ತೋಡಿದ ಆನೆ ಕಂದಕ, ಸೌರ ಬೇಲಿ, ಬೀಗ ಹಾಕಿದ ತೋಟದ ಗೇಟು ಹಳೆಯ ಹಾಳೆಯಲ್ಲೂ ಇಲ್ಲ, ಫೋನಿನಲ್ಲೂ ಸಾಮಾನ್ಯವಾಗಿ ಇಲ್ಲ. ನಾಗರಹೊಳೆಯೊಳಗಿನ ಕಾಲುದಾರಿ ನಕ್ಷೆಯಲ್ಲಿ ಕಂಡ ಮಾತ್ರಕ್ಕೆ ಹೋಗುವಂತಿಲ್ಲ. 1972ರ ವನ್ಯಜೀವಿ ಕಾಯ್ದೆಯಂತೆ ಅನುಮತಿ ಬೇಕು. ಸಂಜೆ ಹೊತ್ತು ದಾರಿ ತಪ್ಪಿ ಆನೆಯ ಎದುರು ನಿಂತವನಿಗೆ ಯಾವ ನಕ್ಷೆಯೂ ಆಗದು.

ಇವನ್ನೆಲ್ಲ ಬಲ್ಲವರು ನಾವು. ಪ್ರತಿ ಗ್ರಾಮದ ಸದಸ್ಯರು ಕುಳಿತು ಕಂದಕ, ಬೇಲಿ, ಸಾರ್ವಜನಿಕ ದಾರಿಗಳನ್ನು ಒಂದು ಹಾಳೆಯಲ್ಲಿ ಗುರುತಿಸಿ, ಸಂಘದ ಕಚೇರಿಯಲ್ಲಿ ತೂಗುಹಾಕಬೇಕೆಂಬುದು ನನ್ನ ಸಲಹೆ. ಬಂದ ಸವಾರರು ನೋಡಿಕೊಂಡು ಹೋಗಲಿ. ನಮ್ಮ ತೋಟದ ಬೇಲಿಯೂ ಉಳಿದೀತು, ಅವರ ಜೀವವೂ ಉಳಿದೀತು.